ಕಡಪಾ ಕಟ್ಟೆಯ ಬಿರುಕು ಯಾರ ಲೆಕ್ಕಕ್ಕೆ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ಮೂರು ವರ್ಷ ಬಾಡಿಗೆಗೆ ಇದ್ದೆವು. ಬಾಡಿಗೆ 7,500, ಡಿಪಾಜಿಟ್ 50,000 ರೂಪಾಯಿ. ನಮ್ಮ ಯಜಮಾನರಿಗೆ ವಿಜಯಪುರಕ್ಕೆ ವರ್ಗವಾದಾಗ ಒಂದು ತಿಂಗಳು ಮೊದಲೇ ತಿಳಿಸಿ ಮನೆ ಬಿಟ್ಟೆವು. ಮಾಲೀಕರು ಹಿಂದಿರುಗಿಸಿದ್ದು 27,500 ಮಾತ್ರ. ಕೇಳಿದರೆ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಬಂತು: ಬಣ್ಣಕ್ಕೆ 14,000, ಬಚ್ಚಲ ಟೈಲ್ಸ್ ಮೇಲಿನ ಬಿಳಿ ಕಲೆಗೆ 3,000, ಅಡುಗೆ ಕಟ್ಟೆಯ ಬಿರುಕಿಗೆ 4,000, ಟಿವಿ ತೂಗುಹಾಕಿದ ತೂತುಗಳಿಗೆ 1,500. ರೊಟ್ಟಿ ಬಡಿದು ಬಡಿದು ಕಡಪಾ ಕಲ್ಲು ಒಡೆದಿರಿ ಎನ್ನುತ್ತಾರೆ. ಕುಟ್ಟಾಣಿ ಒಮ್ಮೆ ಕೈಜಾರಿ ಕಟ್ಟೆಯ ಮೇಲೆ ಬಿದ್ದದ್ದು ನಿಜ. ಬಚ್ಚಲಿಗೆ ಬರುತ್ತಿದ್ದದ್ದು ಬೋರಿನ ನೀರು. ಹನ್ನೊಂದು ತಿಂಗಳ ಕರಾರುಪತ್ರ ಒಂದೇ ಸಲ ಆಗಿತ್ತು, ಮುಂದೆ ಹಾಗೆಯೇ ನಡೆಯಿತು. ಜಗಳಕ್ಕೆ ಮನಸ್ಸಿಲ್ಲ. ಆ ಮನೆಯ ಕಾಕು ನನ್ನ ಬಾಣಂತನಕ್ಕೆ ಅಂಟಿನುಂಡೆ ಕಟ್ಟಿಕೊಟ್ಟವರು. ಏನು ಮಾಡಲಿ?
— ಹೆಸರು ಬೇಡವೆಂದವರು, ವಿಜಯಪುರ

ಉತ್ತರ: ತಂಗಿ, ನಾನೂ ಮಾಳಿಗೆಯ ಎರಡು ಕೋಣೆ ಬಾಡಿಗೆಗೆ ಕೊಟ್ಟವನು. ಬಾಡಿಗೆದಾರರು ಖಾಲಿ ಮಾಡಿದ ಮನೆಯ ಬಾಗಿಲು ತೆರೆದಾಗ ಮಾಲೀಕನ ಎದೆ ಹೇಗೆ ಝಲ್ಲೆನ್ನುತ್ತದೆ ಎಂಬುದು ನನಗೆ ಗೊತ್ತು. ಹಾಗಿದ್ದೂ ಹೇಳುತ್ತೇನೆ, ನಿಮ್ಮ ಮಾಲೀಕರ ಆ ನಾಲ್ಕು ಸಾಲನ್ನು ಲೆಕ್ಕ ಎನ್ನಲು ಬರುವುದಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸುವುದು ಬಾಡಿಗೆದಾರರ ಹೊಣೆ. ಆದರೆ ಸಹಜ ಸವೆತಕ್ಕೆ ಅದೇ ಕಲಂ ವಿನಾಯಿತಿ ಕೊಟ್ಟಿದೆ. ಮೂರು ವರ್ಷದಲ್ಲಿ ಗೋಡೆ ಮಾಸದೆ ಇರುತ್ತದೆಯೇ? ನಮ್ಮ ಕಡೆಯ ಬಿಸಿಲು ಮತ್ತು ದೂಳಿಗೆ, ಬೀಗ ಹಾಕಿಟ್ಟ ಮನೆಯೂ ಮಾಸುತ್ತದೆ. ಮಾಸಿದ ಬಣ್ಣದ ಬೆಲೆ ನೀವು ತಿಂಗಳು ತಿಂಗಳು ಕೊಟ್ಟ ಬಾಡಿಗೆಯಲ್ಲೇ ಸಂದಿದೆ. ಒಂದು ಎಚ್ಚರಿಕೆ: ‘ಬಿಡುವಾಗ ಸುಣ್ಣಬಣ್ಣದ ಖರ್ಚು ಬಾಡಿಗೆದಾರರದು’ ಎಂಬ ಸಾಲು ಕರಾರುಪತ್ರದಲ್ಲಿದೆಯೇ ನೋಡಿ. ಅವಧಿ ಮುಗಿದ ಮೇಲೂ ಅವರು ಬಾಡಿಗೆ ಪಡೆಯುತ್ತಾ ಬಂದಿದ್ದರಿಂದ ಸಾಮಾನ್ಯವಾಗಿ ಹಳೆಯ ಷರತ್ತುಗಳೇ ಮುಂದುವರಿದಂತೆ. ಆ ಸಾಲು ಇದ್ದರೆ ನಿಮ್ಮ ವಾದ ಸೊರಗುತ್ತದೆ.

ಟೈಲ್ಸ್‌ನ ಬಿಳಿ ಕಲೆ ಬೋರಿನ ಗಡಸು ನೀರಿನ ಸುಣ್ಣದ ಅಂಶ. ಬೋರು ಅವರದು, ಆದ್ದರಿಂದ ಕಲೆಯೂ ಅವರದೇ. ನೀವು ಆ್ಯಸಿಡ್ ಸುರಿದು ತಿಕ್ಕಿ ಹೊಳಪು ತೆಗೆದಿದ್ದರೆ ಮಾತ್ರ ಮಾತು ಬೇರೆ. ಪತ್ರದಲ್ಲಿ ಹಾಗೇನೂ ಬರೆದಿಲ್ಲವಾದ್ದರಿಂದ ಇಲ್ಲವೆಂದೇ ಭಾವಿಸುತ್ತೇನೆ.

ಇನ್ನು ಕಟ್ಟೆ. ಜೋಳದ ರೊಟ್ಟಿ ಬಡಿದರೆ ಕಡಪಾ ಕಲ್ಲು ಸೀಳುವುದಾದರೆ ಕೃಷ್ಣೆಯಿಂದ ಭೀಮೆಯವರೆಗೆ ಒಂದು ಅಡುಗೆಮನೆಯಲ್ಲೂ ಇಡಿಯಾದ ಕಟ್ಟೆ ಉಳಿಯುತ್ತಿರಲಿಲ್ಲ. ಆದರೆ ತಂಗಿ, ಕುಟ್ಟಾಣಿಯ ವಿಷಯ ನೀವೇ ಬರೆದಿದ್ದೀರಿ. ಬಿರುಕು ಅದು ಬಿದ್ದ ಜಾಗದಲ್ಲೇ ಇದ್ದರೆ ಅದು ನಿಮ್ಮ ಲೆಕ್ಕಕ್ಕೆ, ಒಪ್ಪಿಕೊಳ್ಳಿ. ಹಾಗೆಂದು ಹಳೆಯ ಕಲ್ಲಿನ ಬದಲು ಹೊಸ ಕಟ್ಟೆ ಕಟ್ಟಿಸಿಕೊಡಬೇಕಿಲ್ಲ. 1872ರ ಒಪ್ಪಂದ ಕಾಯ್ದೆಯ ಪ್ರಕಾರ ಪರಿಹಾರವೆಂದರೆ ಆದ ನಷ್ಟವನ್ನು ತುಂಬಿಕೊಡುವುದು ಮಾತ್ರ. ಬಿರುಕು ತುಂಬಿಸಿದ ಅಥವಾ ಆ ತುಂಡನ್ನಷ್ಟೇ ಬದಲಿಸಿದ ಬಿಲ್ಲು ತೋರಿಸಲಿ, ಕೊಡಿ. ಟಿವಿಯ ತೂತುಗಳಿಗೂ ಇದೇ ಮಾತು. ಗೋಡೆಗೆ ಡ್ರಿಲ್ ಹೊಡೆದವರು ನೀವು, ಮುಚ್ಚಿಸುವ ಕೂಲಿ ನಿಮ್ಮದು; ನಾಲ್ಕು ತೂತಿಗೆ 1,500 ಎಂದರೆ ಮಾತ್ರ ಯಾವ ಗೌಂಡಿಯೂ ನಗುತ್ತಾನೆ.

ಈಗ ಒಂದು ಪತ್ರ ಬರೆಯಿರಿ. ಫೋನಿನಲ್ಲಿ ಮಾತು ಬೆಳೆಯುತ್ತದೆ, ದಾಖಲೆ ಉಳಿಯುವುದಿಲ್ಲ. ಡಿಪಾಜಿಟ್ ಕೊಟ್ಟ ದಿನ, ಬೀಗದ ಕೈ ಒಪ್ಪಿಸಿದ ದಿನ ಬರೆದು, ಬಣ್ಣ ಮತ್ತು ಟೈಲ್ಸ್‌ನ 17,000 ಪೂರ್ತಿ ಕೇಳಿ. ಉಳಿದ 5,500ಕ್ಕೆ ಬಿಲ್ಲು ಮತ್ತು ಫೋಟೊ ಕೇಳಿ. ಹದಿನೈದು ದಿನ ಗಡುವು ಕೊಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಪ್ರತಿಯ ಫೋಟೊವನ್ನು ಅವರ ವಾಟ್ಸ್‌ಆ್ಯಪ್‌ಗೂ ಹಾಕಿ. ಅವರು ಕಳುಹಿಸಿದ ಆ ನಾಲ್ಕು ಸಾಲನ್ನು ಅಳಿಸಬೇಡಿ, ಹಣ ಹಿಡಿದದ್ದಕ್ಕೆ ಅವರೇ ಕೊಟ್ಟ ಸಾಕ್ಷಿ ಅದು.

ಗಡುವು ಮೀರಿದರೆ ಬಾಗಲಕೋಟೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ವಿಚಾರಿಸಲು 15100 ಸಹಾಯವಾಣಿ ಇದೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ. ಅಲ್ಲಿ ಶುಲ್ಕವಿಲ್ಲ, ಮತ್ತು ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಅವರು ಒಪ್ಪದಿದ್ದರೆ ದಾವೆಯೇ ದಾರಿ. ಹಣ ವಸೂಲಿಗೆ ಮೂರು ವರ್ಷದ ಕಾಲಮಿತಿ ಇದೆ, ಆದರೂ ಅಲ್ಲಿಯವರೆಗೆ ಎಳೆಯಬೇಡಿ. ಪೊಲೀಸ್ ಠಾಣೆಗೆ ಹೋಗಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇದು ಸಿವಿಲ್ ವ್ಯವಹಾರ, ಠಾಣೆಯ ಕೆಲಸವಲ್ಲ.

ಕಾಕು ವಿಷಯಕ್ಕೆ ಬರುತ್ತೇನೆ. ಪತ್ರದ ಮೊದಲ ಸಾಲಿನಲ್ಲೇ ಕುಟ್ಟಾಣಿ ಬಿದ್ದದ್ದನ್ನು ಬರೆದುಬಿಡಿ. ತನ್ನ ತಪ್ಪನ್ನು ತಾನೇ ಹೇಳಿದವರ ಪತ್ರವನ್ನು ಮಾಲೀಕರು ಕೊನೆಯವರೆಗೂ ಓದುತ್ತಾರೆ. ಹೋದ ವರ್ಷ ನನ್ನ ಬಾಡಿಗೆದಾರ ಒಡೆದ ಕಿಟಕಿಯ ಗಾಜನ್ನು ತಾನಾಗಿಯೇ ತೋರಿಸಿದ. ಗಾಜಿನವನ ಚೀಟಿ ಕೊಟ್ಟು ಅಷ್ಟನ್ನೇ ಮುರಿದುಕೊಂಡೆ. ಬಣ್ಣ ನನ್ನ ಕಿಸೆಯಿಂದಲೇ ಹೊಡೆಸಿದೆ, ಗೊಣಗುತ್ತಾ.