ಪ್ರಾಸ್ಟೇಟ್ ಎಷ್ಟು ಗ್ರಾಂ ಅನ್ನೋದಲ್ಲ ಪ್ರಶ್ನೆ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 58 ಗ್ರಾಂ ಅಂತ ಬಂದಿದೆ. ಆಪರೇಷನ್ ಬೇಕಾ ಡಾಕ್ಟ್ರೇ?

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಚೀಲದ ಕೆಳಗೆ, ಮೂತ್ರದ ದಾರಿಯ ಸುತ್ತ ಇರುವ ಗ್ರಂಥಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಗ್ರಾಂ ಮಾತ್ರ ಬೇರೆ. ತಂದೆಗೆ ಏನು ತೊಂದರೆ ಅಂತ ನೀವು ಒಂದು ಸಾಲೂ ಬರೆದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಬಚ್ಚಲಿಗೆ ಹೋಗಿ ನಿಂತ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ? ತಿಣುಕುತ್ತಾರಾ? ರಾತ್ರಿ ಎಷ್ಟು ಸಲ ಏಳುತ್ತಾರೆ? ಮೊದಲು ಅವರನ್ನು ಕೇಳಿ. ಮಗನ ಹತ್ತಿರ ಹೇಳಲು ನಾಚಿಕೆ ಇರುತ್ತದೆ, ನೀವೇ ಬಾಯಿ ಬಿಡಿಸಬೇಕು.

80 ಗ್ರಾಂ ಇದ್ದೂ ಆರಾಮಾಗಿ ಇರುವವರಿದ್ದಾರೆ. 30 ಗ್ರಾಂಗೇ ಮೂತ್ರ ಕಟ್ಟಿಕೊಂಡು ರಾತ್ರೋರಾತ್ರಿ ಪೈಪ್ ಹಾಕಿಸಿಕೊಂಡವರೂ ಇದ್ದಾರೆ. ಗ್ರಂಥಿ ಹೊರಕ್ಕೆ ಬೆಳೆದರೆ ಅಷ್ಟು ಕಾಟ ಇಲ್ಲ. ಒಳಕ್ಕೆ, ಮೂತ್ರಚೀಲದ ಬಾಯಿಗೆ ಬೆಳೆದರೆ ಚಿಕ್ಕದಾದರೂ ದಾರಿ ಮುಚ್ಚುತ್ತದೆ.

ರಿಪೋರ್ಟಿನಲ್ಲಿ ನೋಡಬೇಕಾದದ್ದು, ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಉಳಿದಿದೆ ಅನ್ನುವ ಅಂಕಿ. ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಗಂಟೆಗಟ್ಟಲೆ ಕೂರಿಸಿರುತ್ತಾರೆ. ಆಮೇಲೆ ಅವಸರದಲ್ಲಿ ಹೋಗಿ ಬಂದರೆ ಯಾರಿಗಾದರೂ ಒಂದಿಷ್ಟು ಉಳಿಯುತ್ತದೆ. ಜಾಸ್ತಿ ಬಂದಿದ್ದರೆ ಇನ್ನೊಂದು ದಿನ ಅಳೆಸಿ.

ಪದೇ ಪದೇ ಮೂತ್ರ ಕಟ್ಟುವುದು, ಮೂತ್ರಚೀಲದಲ್ಲಿ ಕಲ್ಲು, ಮತ್ತೆ ಮತ್ತೆ ಸೋಂಕು ಅಥವಾ ರಕ್ತ, ಕಿಡ್ನಿಗೆ ಪೆಟ್ಟು. ಇವು ಇದ್ದರೆ, ಇಲ್ಲವೇ ಮಾತ್ರೆಗೆ ಬಗ್ಗದಿದ್ದರೆ ಆಪರೇಷನ್ ಮಾತು. ಉಳಿದವರಿಗೆ ಮಾತ್ರೆ ಸಾಕು. ಕೆಲವರಿಗೆ ಅದೂ ಬೇಡ. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ದಾರಿ ಸಡಿಲ ಮಾಡುತ್ತದೆ. ಆದರೆ ಹಾಸಿಗೆಯಿಂದ ದಡಕ್ಕನೆ ಎದ್ದರೆ ತಲೆ ಸುತ್ತಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಈ ಮಾತ್ರೆ ವಿಷಯ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಫಿನಾಸ್ಟರೈಡ್, ಡುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಅದಕ್ಕೆ ಆರು ತಿಂಗಳಾದರೂ ಬೇಕು. ಒಂದು ತಿಂಗಳಿಗೆ ಬಿಟ್ಟು "ಗುಣ ಕಾಣಲಿಲ್ಲ" ಅಂದರೆ ನಾನೇನು ಮಾಡಲಿ?

ಒಂದು ಮಾತು ದಯವಿಟ್ಟು ನೆನಪಿಡಿ. ವಯಸ್ಸಾದ ಗಂಡಸರು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ ಸುಮ್ನೆ ಡೈಪರ್ ಕಟ್ಟಬೇಡಿ. ಒಬ್ಬ ಹಿರಿಯರನ್ನು ಮನೆಯವರು ಮೂರು ತಿಂಗಳು ಹಾಗೇ ಇಟ್ಟುಕೊಂಡಿದ್ದರು. ಪೈಪ್ ಹಾಕಿದಾಗ ಒಂದು ಲೀಟರಿಗೂ ಜಾಸ್ತಿ ಬಂತು. ತುಂಬಿದ ಚೀಲ ಉಕ್ಕಿ ಸೋರುತ್ತಿತ್ತು, ನೋವೇ ಇರಲಿಲ್ಲ. ಅಷ್ಟರಲ್ಲಿ ಕಿಡ್ನಿ ಸೊರಗಿತ್ತು. ಇಂಥವರಿಗೆ ಅವತ್ತೇ ಸ್ಕ್ಯಾನ್, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ಪ್ರಾಸ್ಟೇಟ್ ಹೀಗೆ ಬೆಳೆದದ್ದು ಮುಂದೆ ಕ್ಯಾನ್ಸರ್ ಆಗುತ್ತದಾ?

ಇಲ್ಲ. ಕ್ಯಾನ್ಸರ್ ಬೇರೆ ಕಾಯಿಲೆ, ಎರಡೂ ಒಟ್ಟಿಗೆ ಇರಬಹುದು. ಫಿನಾಸ್ಟರೈಡ್ ತಗೊಳ್ಳುವವರಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ ನೋಡಲು ಮಾಡುವ ರಕ್ತಪರೀಕ್ಷೆ) ಅಂಕಿ ಅರ್ಧಕ್ಕೆ ಇಳಿದಿರುತ್ತದೆ. ರಿಪೋರ್ಟ್ ತೋರಿಸುವಾಗ ಅದನ್ನು ಹೇಳಿ.

ಪ್ರಶ್ನೆ: 15 ದಿನದಲ್ಲಿ ಗಡ್ಡೆ ಕರಗಿಸುವ ಪುಡಿ ವಾಟ್ಸಾಪ್‌ನಲ್ಲಿ ಬಂದಿದೆ. ಕೊಡಬಹುದಾ?

ಬೇಡ. ಅದರಲ್ಲಿ ಏನಿದೆ ಅಂತ ಮಾರುವವನೇ ಹೇಳುವುದಿಲ್ಲ.

ಪ್ರಶ್ನೆ: ಶೀತಕ್ಕೆ ಮೆಡಿಕಲ್ ಶಾಪ್ ಮಾತ್ರೆ ತಗೊಂಡ ರಾತ್ರಿಯೇ ಮಾವನವರಿಗೆ ಮೂತ್ರ ಕಟ್ಟಿತು. ಸಂಬಂಧ ಇದೆಯಾ?

ಇದೆ. ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿ ಮೂತ್ರದ ದಾರಿಯನ್ನು ಬಿಗಿ ಮಾಡುತ್ತದೆ. ಇನ್ನು ಮುಂದೆ ಶೀತವಾದರೆ ಹಬೆ ತಗೊಳ್ಳಲಿ.