ಟ್ರಾನ್ಸ್ ಸಮಾಂಗಿಯೇ ಯಾವಾಗಲೂ ಹೆಚ್ಚು ಸ್ಥಿರವೇ?

ಪ್ರಶ್ನೆ: ಸಿಸ್ ಸಮಾಂಗಿಗಿಂತ ಟ್ರಾನ್ಸ್ ಸಮಾಂಗಿ ಹೆಚ್ಚು ಸ್ಥಿರ ಎಂದು ಪಿಯುಸಿಯಿಂದಲೂ ಓದುತ್ತ ಬಂದಿದ್ದೇವೆ. ಆದರೆ 1,3-ಡೈಮೀಥೈಲ್ ಸೈಕ್ಲೋಹೆಕ್ಸೇನ್‌ನಲ್ಲಿ ಮಾತ್ರ ಸಿಸ್ ಹೆಚ್ಚು ಸ್ಥಿರವಂತೆ. ಇದನ್ನು ಅಪವಾದವೆಂದು ಬಾಯಿಪಾಠ ಮಾಡಬೇಕೇ ಅಥವಾ ಇದಕ್ಕೊಂದು ಕಾರಣವಿದೆಯೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸಿಂದಗಿ, ವಿಜಯಪುರ ಜಿಲ್ಲೆ

ಉತ್ತರ: ಇದು ಅಪವಾದವಲ್ಲ. ಒಂದೇ ಅಣುಸೂತ್ರವಿದ್ದೂ ಜೋಡಣೆ ಬೇರೆಯಾಗಿರುವ ಅಣುಗಳು ಸಮಾಂಗಿಗಳು; ಎರಡು ಗುಂಪುಗಳು ಒಂದೇ ಬದಿಗಿದ್ದರೆ ಸಿಸ್, ಎದುರುಬದಿರಾಗಿದ್ದರೆ ಟ್ರಾನ್ಸ್. ನೀವು ಪಿಯುಸಿಯಲ್ಲಿ ಕಲಿತದ್ದು 2-ಬ್ಯೂಟೀನ್‌ನಂತಹ ದ್ವಿಬಂಧದ ಅಣುಗಳ ಮಾತು. ಅಲ್ಲಿ ಎಲ್ಲವೂ ಒಂದೇ ಸಮತಲದಲ್ಲಿರುವುದರಿಂದ ಒಂದೇ ಬದಿಗೆ ಬಂದ ಎರಡು ಮೀಥೈಲ್ ಗುಂಪುಗಳು ಪರಸ್ಪರ ಒತ್ತುತ್ತವೆ. ಸೈಕ್ಲೋಹೆಕ್ಸೇನ್ ಉಂಗುರ ಚಪ್ಪಟೆಯಾಗಿಲ್ಲ. ಅದು ಕುರ್ಚಿಯ ಆಕಾರಕ್ಕೆ ಮಡಚಿಕೊಂಡಿರುತ್ತದೆ. ಇದನ್ನು ಹೆರ್ಮನ್ ಸಾಕ್ಸೆ 1890ರಲ್ಲಿಯೇ ಸೂಚಿಸಿದ್ದರೂ ರಸಾಯನ ವಿಜ್ಞಾನಿಗಳು ಬಹುಕಾಲ ಅದಕ್ಕೆ ಕಿವಿಗೊಡಲಿಲ್ಲ. ಮುಂದೆ ಆಡ್ ಹ್ಯಾಸಲ್ ಮತ್ತು ಡೆರೆಕ್ ಬಾರ್ಟನ್ ಈ ವಿಚಾರವನ್ನು ಭದ್ರವಾಗಿ ನೆಲೆಗೊಳಿಸಿ 1969ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕುರ್ಚಿ ರೂಪದಲ್ಲಿ ಪ್ರತಿ ಇಂಗಾಲಕ್ಕೂ ಉಂಗುರದ ಹೊರಗೆ ಎರಡು ಬಂಧಗಳಿವೆ. ನೆಟ್ಟಗೆ ಮೇಲಕ್ಕೋ ಕೆಳಕ್ಕೋ ನಿಲ್ಲುವುದು ಆಕ್ಸಿಯಲ್. ಉಂಗುರದ ಅಂಚಿನಿಂದ ಹೊರಕ್ಕೆ ಚಾಚಿಕೊಳ್ಳುವುದು ಈಕ್ವಟೋರಿಯಲ್. ಆಕ್ಸಿಯಲ್ ಬಂಧಗಳು ಒಂದು ಬಿಟ್ಟು ಒಂದರಂತೆ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಸಾಗುತ್ತವೆ ಎಂಬುದೊಂದನ್ನು ಗಟ್ಟಿಯಾಗಿ ಹಿಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿಯೇ ಹೊರಬೀಳುತ್ತದೆ. 1 ಮತ್ತು 3ನೆಯ ಇಂಗಾಲಗಳ ಆಕ್ಸಿಯಲ್ ಬಂಧಗಳು ಒಂದೇ ದಿಕ್ಕಿಗಿರುವುದರಿಂದ ಅಲ್ಲಿನ ಸಿಸ್ ಸಮಾಂಗಿಯಲ್ಲಿ ಎರಡೂ ಗುಂಪುಗಳು ಆಕ್ಸಿಯಲ್ ಆಗಿರಬೇಕು, ಇಲ್ಲವೇ ಎರಡೂ ಈಕ್ವಟೋರಿಯಲ್ ಆಗಿರಬೇಕು. ಕೋಣೆಯ ಉಷ್ಣತೆಯಲ್ಲಿ ಉಂಗುರವು ಸೆಕೆಂಡಿಗೆ ಲಕ್ಷದಷ್ಟು ಸಲ ಮಗುಚುತ್ತಿರುವುದರಿಂದ ಅಣುವಿಗೆ ಎರಡೂ ರೂಪಗಳು ಸಿಗುತ್ತವೆ, ಮತ್ತು ಅದು ಬಹುಪಾಲು ಇಕ್ಕಟ್ಟು ಕಡಿಮೆಯಿರುವ ಎರಡನೆಯದರಲ್ಲಿಯೇ ಉಳಿಯುತ್ತದೆ. 1,3-ಟ್ರಾನ್ಸ್‌ಗೆ ಆ ಅನುಕೂಲವಿಲ್ಲ. ಅದು ಹೇಗೆ ಮಗುಚಿದರೂ ಒಂದು ಮೀಥೈಲ್ ಆಕ್ಸಿಯಲ್ ಆಗಿಯೇ ಇರಬೇಕಾಗುತ್ತದೆ. 1,2 ಮತ್ತು 1,4 ಸ್ಥಾನಗಳಲ್ಲಿ ಆಕ್ಸಿಯಲ್ ಬಂಧಗಳು ವಿರುದ್ಧ ದಿಕ್ಕಿಗಿರುವುದರಿಂದ ಆ ಅನುಕೂಲ ಟ್ರಾನ್ಸ್‌ಗೆ ದೊರೆಯುತ್ತದೆ.

ಇದನ್ನು ಕಾಗದದ ಮೇಲೆ ನಂಬುವುದಕ್ಕಿಂತ ಕೈಯಲ್ಲಿ ಹಿಡಿದು ನೋಡುವುದು ಮೇಲು. ನಿಮ್ಮ ಭಾಗದಲ್ಲಿ ಮಕ್ಕಳು ಜೋಳದ ಕಣಿಕೆಯಿಂದ ಆಟದ ಬಂಡಿ ಮಾಡುತ್ತಾರಲ್ಲ, ಅದೇ ಬೆಂಡಿನ ಆರು ತುಂಡುಗಳನ್ನು ಇಂಗಾಲಗಳಾಗಿಯೂ ಸಿಪ್ಪೆಯ ಸಿಬಿರುಗಳನ್ನು ಬಂಧಗಳಾಗಿಯೂ ಇಟ್ಟುಕೊಂಡು ಉಂಗುರವನ್ನು ಜೋಡಿಸಿರಿ. ಬಂಧಗಳ ನಡುವಿನ ಕೋನ ಸುಮಾರು 109 ಡಿಗ್ರಿ ಇರಲಿ. 1ನೆಯ ಇಂಗಾಲದ ಆಕ್ಸಿಯಲ್ ಸಿಬಿರಿಗೆ ದೊಡ್ಡದೊಂದು ತುಂಡನ್ನು ಚುಚ್ಚಿದರೆ, ಅದೇ ಬದಿಯಲ್ಲಿರುವ 3 ಮತ್ತು 5ನೆಯ ಇಂಗಾಲಗಳ ಆಕ್ಸಿಯಲ್ ಸಿಬಿರುಗಳ ತುದಿಗೆ ಅದು ಹತ್ತಿರವಾಗುವುದು ಕಣ್ಣಿಗೇ ಕಾಣುತ್ತದೆ. ಪಠ್ಯದಲ್ಲಿ 1,3-ಡೈಆಕ್ಸಿಯಲ್ ವಿಕರ್ಷಣೆ ಎಂದು ಕರೆಯುವುದು ಇದನ್ನೇ.

ಅಂತಹ ಒಂದೊಂದು ವಿಕರ್ಷಣೆಗೆ ಮೋಲ್‌ಗೆ ಸುಮಾರು 3.8 ಕಿಲೋಜೂಲ್ ಬೆಲೆ. ಆಕ್ಸಿಯಲ್ ಮೀಥೈಲ್ ಎರಡು ಹೈಡ್ರೋಜನ್‌ಗಳನ್ನು ಎದುರಿಸುವುದರಿಂದ 1,3-ಸಿಸ್ ಮತ್ತು 1,3-ಟ್ರಾನ್ಸ್‌ಗಳ ಅಂತರ 8 ಕಿಲೋಜೂಲ್‌ಗೆ ಸಮೀಪವಿರುತ್ತದೆ. ಗುಂಪು ಮೀಥೈಲ್‌ಗಿಂತ ಬಹಳ ದೊಡ್ಡದಾದ ಟರ್ಷರಿ ಬ್ಯುಟೈಲ್ ಆದರೆ ಆಕ್ಸಿಯಲ್ ಆಗಿರುವುದಕ್ಕೆ 20 ಕಿಲೋಜೂಲ್ ದಾಟುತ್ತದೆ. ಆದ್ದರಿಂದಲೇ 1,3-ಡೈ-ಟರ್ಷರಿ ಬ್ಯುಟೈಲ್‌ನ ಟ್ರಾನ್ಸ್ ಸಮಾಂಗಿಯು ಕುರ್ಚಿ ರೂಪವನ್ನೇ ಬಿಟ್ಟು ತಿರುಚಿದ ದೋಣಿಯ ರೂಪವನ್ನು ತಾಳುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೊಂದು ಕಡೆ. ಸಿಸ್-1,3-ಸೈಕ್ಲೋಹೆಕ್ಸೇನ್‌ಡೈಯೋಲ್ ಅನ್ನು ಕಾರ್ಬನ್ ಟೆಟ್ರಾಕ್ಲೋರೈಡ್‌ನಂತಹ ಅಧ್ರುವೀಯ ದ್ರಾವಕದಲ್ಲಿ ಕರಗಿಸಿದರೆ ಎರಡೂ ಹೈಡ್ರಾಕ್ಸಿಲ್ ಗುಂಪುಗಳು ಆಕ್ಸಿಯಲ್ ಆಗಿರುವ ರೂಪಕ್ಕೆ ಬಲ ಬರುತ್ತದೆ, ಏಕೆಂದರೆ ಆಗ ಅವುಗಳ ನಡುವೆ ಹೈಡ್ರೋಜನ್ ಬಂಧ ಏರ್ಪಡಬಲ್ಲದು. ಗಾತ್ರದ ಲೆಕ್ಕವೊಂದೇ ಎಲ್ಲ ಕಡೆಯೂ ಸಾಲುವುದಿಲ್ಲ.

ಇದು ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವೆಂದು ಭಾವಿಸಬೇಡಿರಿ. ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯೆಂದರೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರಬಹುದು. ಅದು ಆರು ಇಂಗಾಲಗಳಿಗೂ ಒಂದೊಂದು ಕ್ಲೋರಿನ್ ಇರುವ ಸೈಕ್ಲೋಹೆಕ್ಸೇನ್‌ನ ಹಲವು ಸಮಾಂಗಿಗಳ ಮಿಶ್ರಣ. ಕೀಟಗಳನ್ನು ಕೊಲ್ಲುತ್ತಿದ್ದುದು ಮುಖ್ಯವಾಗಿ ಮೂರು ಕ್ಲೋರಿನ್‌ಗಳು ಆಕ್ಸಿಯಲ್ ಆಗಿರುವ ಗಾಮಾ ಸಮಾಂಗಿ. ಆರೂ ಕ್ಲೋರಿನ್‌ಗಳು ಈಕ್ವಟೋರಿಯಲ್ ಆಗಿರುವ ಬೀಟಾ ಸಮಾಂಗಿಯಲ್ಲಿ ಯಾವ ಕ್ಲೋರಿನ್‌ಗೂ ಪಕ್ಕದ ಇಂಗಾಲದ ಹೈಡ್ರೋಜನ್ ವಿರುದ್ಧ ಮುಖದಲ್ಲಿ ಸಿಗುವುದಿಲ್ಲ. ಕ್ಷಾರದ ಜೊತೆ ಹೈಡ್ರೋಜನ್ ಕ್ಲೋರೈಡ್ ಸುಲಭವಾಗಿ ಕಳಚಿಹೋಗಲು ಆ ಜೋಡಣೆ ಅಗತ್ಯವಾದುದರಿಂದ ಬೀಟಾ ಸಮಾಂಗಿಯ ವಿಘಟನೆ ಉಳಿದವುಗಳಿಗಿಂತ ಬಹಳ ನಿಧಾನ. ಮಣ್ಣಿನಲ್ಲಿಯೂ ಪ್ರಾಣಿಗಳ ಕೊಬ್ಬಿನಲ್ಲಿಯೂ ಅತಿ ದೀರ್ಘಕಾಲ ಉಳಿಯುವ ಸಮಾಂಗಿ ಇದೇ. ಭಾರತದಲ್ಲಿ ಬಿಎಚ್‌ಸಿಯನ್ನು 1997ರಲ್ಲಿ ನಿಷೇಧಿಸಲಾಯಿತು. 2009ರಲ್ಲಿ ಆಲ್ಫಾ, ಬೀಟಾ ಮತ್ತು ಗಾಮಾ ಸಮಾಂಗಿಗಳು ಬೇಗ ನಶಿಸದ ವಿಷಕಾರಿ ರಾಸಾಯನಿಕಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು.