ಶೇಲ್ ಗ್ಯಾಸ್ ಬಾವಿಯನ್ನು ಅಡ್ಡಕ್ಕೆ ಕೊರೆಯುವುದು ಯಾಕೆ?

ನೇರವಾಗಿ ಕೆಳಕ್ಕೆ ಕೊರೆದ ಬಾವಿಗೆ ತಾಗುವ, ಗ್ಯಾಸ್ ಇರುವ ಕಲ್ಲು ತೀರಾ ಕಡಿಮೆ, ಅದಕ್ಕೇ. ಶೇಲ್ ಅಂದರೆ ಹಳೇ ಸಮುದ್ರದ ತಳದ ಕೆಸರು ಒತ್ತಿ ಗಟ್ಟಿಯಾದ ಕಲ್ಲು. ಅದರ ರಂಧ್ರಗಳು ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣವು, ಇನ್ನೂ ಸಣ್ಣವೂ ಇವೆ. ಹಾಗಾಗಿ ಒಳಗಿನ ಗ್ಯಾಸ್ ತಾನಾಗಿ ಹರಿದು ಬರುವುದಿಲ್ಲ; ಬಾವಿಯೇ ಆದಷ್ಟು ಹೆಚ್ಚು ಕಲ್ಲನ್ನು ತಲುಪಬೇಕು.

ಅಮೆರಿಕದ ಟೆಕ್ಸಾಸ್‌ನಲ್ಲಿರುವ ಬಾರ್ನೆಟ್ ಶೇಲ್ ಎಂಬ ಕಲ್ಲಿನ ಪದರ ನೋಡಿ. ಸುಮಾರು 2 ಕಿ.ಮೀ. ಆಳದಲ್ಲಿದೆ, ದಪ್ಪ ಮಾತ್ರ ಕೆಲವು ನೂರು ಅಡಿ. ಬಾವಿಯನ್ನು ನಿಧಾನವಾಗಿ ಬಾಗಿಸಿ ಪದರದೊಳಗೇ ಅಡ್ಡ ಕೊರೆದರೆ ಕಿಲೋಮೀಟರ್‌ಗಟ್ಟಲೆ ಕಲ್ಲು ಸಿಗುತ್ತದೆ, ಅಲ್ವಾ?

ಆಮೇಲೆ ಭಾರೀ ಒತ್ತಡದಲ್ಲಿ ನೀರು, ಮರಳು ನುಗ್ಗಿಸುತ್ತಾರೆ. ಕಲ್ಲು ಬಿರುಕು ಬಿಡುತ್ತದೆ. ನನಗೆ ತುಂಬಾ ಇಷ್ಟವಾದದ್ದು ಈ ಮರಳಿನ ಕೆಲಸ: ಒತ್ತಡ ಇಳಿದ ಮೇಲೂ ಬಿರುಕು ಮುಚ್ಚಿಕೊಳ್ಳದಂತೆ ಕಾಳುಗಳು ಸಂದಿಯಲ್ಲಿ ಆಧಾರವಾಗಿ ನಿಲ್ಲುತ್ತವೆ. ಆ ಸಂದಿಯಲ್ಲೇ ಗ್ಯಾಸ್ ಬಾವಿಗೆ ಬರುತ್ತದೆ.